ಬಡ ಕುಟುಂಬಗಳಿಗೊಂದು ಸಮುದಾಯ ಕೇಂದ್ರ: ಭಜನೆ ಮಂದಿರದ ಜಗಲಿಯಿಂದ ಶುರು ಮಾಡುವುದು ಹೇಗೆ

ಶನಿವಾರದ ಭಜನೆ ಮುಗಿದು ಪ್ರಸಾದ ಹಂಚುತ್ತಿದ್ದೆವು. ಒಬ್ಬ ಹೆಣ್ಣುಮಗಳು ಚಾಚಿದ ಅಂಗೈ ಪೂರ್ತಿ ಕಪ್ಪಗಿತ್ತು. ಊದುಬತ್ತಿ ಹೊಸೆಯುವವರ ಕೈ ಹಾಗೆಯೇ ಇರುತ್ತದೆ. ಇದ್ದಿಲ ಪುಡಿ, ಜಿಗಟು ಎಷ್ಟು ತೊಳೆದರೂ ಗೆರೆಗಳೊಳಗೆ ಕೂತುಬಿಡುತ್ತವೆ. ಕೋಸಂಬರಿ ಇಸಿದುಕೊಂಡು ಆಕೆ ಮೆಲ್ಲಗೆ ಹೇಳಿದಳು: "ರೇಷನ್ ಅಂಗಡೀಲಿ ನನ್ನ ಹೆಬ್ಬೆಟ್ಟು ತಗೋತಾ ಇಲ್ಲ ಕಣಣ್ಣ. ಎರಡು ತಿಂಗಳಾಯ್ತು, ಅಕ್ಕಿ ಕೊಟ್ಟಿಲ್ಲ." ದಿನವಿಡೀ ಮಣೆಯ ಮೇಲೆ ಕಡ್ಡಿ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು.

ಮೈಸೂರಿನ ಎನ್.ಆರ್. ಮೊಹಲ್ಲಾ ಕಡೆಯ ನಮ್ಮ ಮಂದಿರದಲ್ಲಿ ವರ್ಷಗಟ್ಟಲೆ ಭಜನೆ ನಡೆದಿತ್ತು. ಅಷ್ಟೂ ವರ್ಷ ಅದೇ ಕೈಗಳಿಗೆ ಪ್ರಸಾದ ಹಾಕಿದ್ದೆವು, ಒಂದು ದಿನವೂ ಆ ಕೈಗಳನ್ನು ನೋಡಿರಲಿಲ್ಲ. ಮುಂದಿನ ವಾರ ನಮ್ಮಲ್ಲಿಬ್ಬರು ಆಕೆಯ ಜೊತೆ ಆಧಾರ್ ಕೇಂದ್ರಕ್ಕೆ ಹೋಗಿ, ಬೆರಳಚ್ಚು ಹೊಸದಾಗಿ ಕೊಡಿಸಿ, ಮೊಬೈಲ್ ನಂಬರನ್ನೂ ಜೋಡಿಸಿ ಬಂದೆವು. ನಮ್ಮ ಸಮುದಾಯ ಕೇಂದ್ರ ಹುಟ್ಟಿದ್ದು ಆ ಸರತಿ ಸಾಲಿನಲ್ಲಿ. ನೋಂದಣಿ, ಬೋರ್ಡು, ರಸೀದಿ ಪುಸ್ತಕ ಎಲ್ಲ ಆಮೇಲೆ ಬಂದವು.

ಭಜನೆ ಮಂದಿರ, ಮಠ, ಮಸೀದಿ, ಚರ್ಚು, ಬುದ್ಧ ವಿಹಾರ, ಯಾವುದರ ನೆರಳಲ್ಲಾದರೂ ಸರಿ, ಸುತ್ತಲಿನ ಬಡ ಸಂಸಾರಗಳಿಗೆ ನೆರವಾಗುವ ಜಾಗವೊಂದನ್ನು ಕಟ್ಟಬೇಕೆಂದಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾವು ಎಡವಿದ್ದನ್ನೂ ಸೇರಿಸಿದ್ದೇನೆ.

ಮೊದಲು ಬೀದಿ ಸುತ್ತಿ

ಕೇಂದ್ರದಲ್ಲಿ ಏನೇನಿರಬೇಕು ಎಂದು ನಾಲ್ಕು ಜನ ಹಿರಿಯರು ಕೂತು ತೀರ್ಮಾನಿಸಿದರೆ ಕೊನೆಗೆ ಹೊಲಿಗೆ ಯಂತ್ರ, ಕಂಪ್ಯೂಟರ್, ವಾಚನಾಲಯ ಎನ್ನುವ ಪಟ್ಟಿಯೇ ಬರುತ್ತದೆ. ಯಾರಿಗೆ ಬೇಕು ಎಂದು ಯಾರೂ ಕೇಳಿರುವುದಿಲ್ಲ. ಕನಿಷ್ಠ ಎರಡು ತಿಂಗಳು ಬರೀ ಕಿವಿಗೊಡಿ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಅದೇ ಬೀದಿಯಲ್ಲಿ ನಡೆಯಿರಿ. ಒಂದೇ ಬೀದಿ ಆ ಎರಡು ಹೊತ್ತಿಗೆ ಎರಡು ಥರ ಕಾಣುತ್ತದೆ.

ನಮ್ಮ ಕಡೆ, ಉದಯಗಿರಿ, ರಾಜೇಂದ್ರನಗರದ ಕಡೆ ಬೀಡಿ, ಊದುಬತ್ತಿ ಕೆಲಸ ಮನೆಯೊಳಗೇ ನಡೆಯುತ್ತದೆ. ತಾಯಿ ಮನೆಯಲ್ಲೇ ಇರುತ್ತಾಳೆ, ಆದರೆ ಎಣಿಕೆಯ ಲೆಕ್ಕದ ಕೂಲಿಯಾದ್ದರಿಂದ ಕೈ ಬಿಡುವಿರುವುದಿಲ್ಲ. ಮೇಟಗಳ್ಳಿ, ಹೆಬ್ಬಾಳದ ಕಡೆ ಕಾರ್ಖಾನೆಯ ಗುತ್ತಿಗೆ ಕೆಲಸ, ಪಾಳಿ ಬದಲಾದಂತೆ ಮನೆಯ ಹೊತ್ತೂ ಬದಲು. ಮಂಡ್ಯ, ಮದ್ದೂರಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲೇ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾರೆ, ಕತ್ತಲಾದ ಮೇಲೆ ಇಳಿಯುತ್ತಾರೆ. ಕಬ್ಬು ಕಡಿಯುವ ಕಾಲಕ್ಕೆ ಬೇರೆ ಜಿಲ್ಲೆಗಳಿಂದ ಬಂದವರು ಗದ್ದೆ ಬದಿಯಲ್ಲಿ ಗುಡಿಸಲು ಹಾಕಿರುತ್ತಾರೆ, ಅವರ ಮಕ್ಕಳ ಹೆಸರು ಇಲ್ಲಿನ ಯಾವ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ. ಒಂದು ಕಡೆಯ ಉತ್ತರ ಇನ್ನೊಂದು ಕಡೆಗೆ ಹೊಂದುವುದಿಲ್ಲ.

ಮನೆಮನೆಗೆ ಹೋದಾಗ ದೊಡ್ಡ ಅರ್ಜಿ ನಮೂನೆ ಹಿಡಿದು ಹೋಗಬೇಡಿ. ಬರೆಯುವವರನ್ನು ಕಂಡರೆ ಜನ ಬ್ಯಾಂಕಿನವರೋ ಸಂಘದವರೋ ಅಂದುಕೊಂಡು ಬಾಗಿಲು ಹಾಕುತ್ತಾರೆ. ಮೂರು ಮಾತು ಕೇಳಿದರೆ ಸಾಕು: ದಿನದ ಯಾವ ಹೊತ್ತು ಕಷ್ಟ? ಹೋದ ತಿಂಗಳು ಯಾವ ಕೆಲಸಕ್ಕೆ ಅಲೆದಿರಿ? ಆಗ ಯಾರನ್ನು ಕೇಳಿದಿರಿ? ನಮಗೆ ಸಿಕ್ಕ ಉತ್ತರ ಎರಡು. ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಮಕ್ಕಳು ಬೀದಿಯಲ್ಲಿ. ಕಾಗದಪತ್ರದ ಕೆಲಸಕ್ಕೆ ಕೂಲಿ ಬಿಟ್ಟು ಅಲೆದಾಟ. ಊಟ ಬೇಕು ಎಂದವರು ಕಡಿಮೆ, ನಾವೋ ಅನ್ನದಾನದ ಯೋಜನೆ ಹಾಕಿಕೊಂಡು ಹೋಗಿದ್ದೆವು.

ಅಂಗನವಾಡಿ, ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ ಇವರನ್ನೂ ಕಂಡು ಬನ್ನಿ. ಅವರು ಮಾಡುತ್ತಿರುವುದನ್ನೇ ನೀವೂ ಮಾಡಿದರೆ ಇಬ್ಬರದೂ ಹಾಳು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರಿಗೆ ಗೊತ್ತಿರುವಷ್ಟು ಆ ಬೀದಿ ಇನ್ಯಾರಿಗೂ ಗೊತ್ತಿಲ್ಲ.

ಒಂದು ಕೆಲಸ, ಒಂದು ಹೊತ್ತು

ಇದೇ ಎಲ್ಲಕ್ಕಿಂತ ಮುಖ್ಯ. ಒಂದೇ ಕೆಲಸ ಹಿಡಿಯಿರಿ, ಅದಕ್ಕೊಂದು ಹೊತ್ತು ಗೊತ್ತುಮಾಡಿ, ಆರು ತಿಂಗಳು ಆ ಹೊತ್ತು ತಪ್ಪಬೇಡಿ. ನಮ್ಮ ನಾಡಿನ ದಾಸೋಹದ ದಾರಿ ಇದೇ. ಸುತ್ತೂರು ಮಠದವರು ಹಳ್ಳಿಯಿಂದ ಓದಲು ಬಂದ ಬಡ ಹುಡುಗರಿಗೆ ಮೈಸೂರಿನಲ್ಲಿ ಊಟ, ವಸತಿ ಕೊಡುವುದರಿಂದ ಆರಂಭಿಸಿದರು, ಜೆಎಸ್‌ಎಸ್ ಮಹಾವಿದ್ಯಾಪೀಠ ಸ್ಥಾಪನೆಯಾದದ್ದು 1954ರಲ್ಲಿ. ಕೆಲಸ ಮೊದಲು, ಸಂಸ್ಥೆ ಆಮೇಲೆ.

ನಾವು ಸೋಮವಾರದಿಂದ ಶುಕ್ರವಾರ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಮಕ್ಕಳಿಗೆ ಬಾಗಿಲು ತೆರೆದೆವು. ಪಾಠ, ಆಟ, ಒಂದು ಬಟ್ಟಲು ಗುಗ್ಗರಿ. ಎರಡನೇ ತಿಂಗಳಲ್ಲಿ ಒಂದು ದಿನ, ಬೀಗದ ಕೈ ಇಟ್ಟುಕೊಂಡಿದ್ದವರು ನೆಂಟರ ಮದುವೆಗೆ ಹೋದರು, ಇನ್ನೊಬ್ಬರ ಹತ್ತಿರ ಕೀಲಿ ಇರಲಿಲ್ಲ. ಮೂವತ್ತು ಮಕ್ಕಳು ಆರು ಗಂಟೆಯವರೆಗೆ ಮೆಟ್ಟಿಲ ಮೇಲೆ ಕೂತಿದ್ದು ಎದ್ದು ಹೋದರು. ಮಾರನೆಯ ದಿನ ಬಂದವರು ಹನ್ನೆರಡು. ಉಳಿದವರನ್ನು ಮನೆಮನೆಗೆ ಹೋಗಿ ಕರೆತರಲು ಎರಡು ತಿಂಗಳು ಹಿಡಿಯಿತು. ಒಬ್ಬ ತಾಯಿ ನನ್ನ ಮುಖಕ್ಕೇ ಹೇಳಿದರು: "ನೀವು ಇದ್ದೀರ ಅಂತ ನಾನು ಇನ್ನೂರು ಕಡ್ಡಿ ಜಾಸ್ತಿ ತಗೊಂಡು ಕೂತಿದ್ದೆ." ಬಾಗಿಲು ಮುಚ್ಚಿದ್ದರಿಂದ ಆಕೆಯ ಆ ದಿನದ ಕೂಲಿ ಹೋಗಿತ್ತು.

ಅಂದಿನಿಂದ ಕೀಲಿ ಮೂವರ ಹತ್ತಿರ ಇರುತ್ತದೆ, ಮೂವರೂ ಬೇರೆ ಬೇರೆ ಮನೆಯವರು. ಹಬ್ಬದ ರಜೆಯನ್ನು ಹದಿನೈದು ದಿನ ಮುಂಚೆ ಬೋರ್ಡಿನಲ್ಲಿ ಬರೆಯುತ್ತೇವೆ. ದಸರಾ ರಜೆಯಲ್ಲಿ ಬಾಗಿಲು ಹಾಕುವುದಿಲ್ಲ, ತಾಯಂದಿರಿಗೆ ನಾವು ಹೆಚ್ಚು ಬೇಕಾಗುವುದು ಶಾಲೆ ಇಲ್ಲದ ದಿನಗಳಲ್ಲೇ.

ದೇವರು ಎಲ್ಲಿರಬೇಕು

ನಮ್ಮನ್ನು ಈ ಕೆಲಸಕ್ಕೆ ಎಳೆದದ್ದು ಭಕ್ತಿಯೇ, ಅದನ್ನು ಮುಚ್ಚಿಡಬೇಕಿಲ್ಲ. ದೇವರ ಪಟ ಇರಲಿ, ದೀಪ ಉರಿಯಲಿ. ಆದರೆ ಒಳಗೆ ಬಂದವರು ಕೈ ಮುಗಿಯಲೇಬೇಕು ಎಂಬ ನಿರೀಕ್ಷೆಯ ನೆರಳೂ ಇರಬಾರದು. ನಾವು ಮಾಡಿಕೊಂಡ ಕಟ್ಟಳೆಗಳು: ಭಜನೆ ಏಳೂಕಾಲಿಗೆ, ಮಕ್ಕಳು ಮನೆಗೆ ಹೋದ ಮೇಲೆ. ಇರುವವರು ಇರಬಹುದು. ತಿಂಡಿಗೆ ಮುಂಚೆ ಪ್ರಾರ್ಥನೆ ಹೇಳಿಸುವುದಿಲ್ಲ. ಸರ್ಕಾರಿ ಅರ್ಜಿ ಕೇಳಿದರೆ ಹೊರತು ಜಾತಿ ಕೇಳುವುದಿಲ್ಲ. ತಿನ್ನಲು ಎಲ್ಲರೂ ಒಂದೇ ಪಂಕ್ತಿಯಲ್ಲಿ, ಟ್ರಸ್ಟಿಗಳೂ ಅದೇ ಚಾಪೆಯ ಮೇಲೆ, ಅದೇ ಗುಗ್ಗರಿ. ಮೊದಮೊದಲು ಮಕ್ಕಳನ್ನು ಬಟ್ಟಲು ಹಿಡಿದು ಸಾಲಿನಲ್ಲಿ ನಿಲ್ಲಿಸುತ್ತಿದ್ದೆವು. ದೊಡ್ಡ ಹುಡುಗಿಯರು ಆ ಸಾಲಿಗೆ ಬರುತ್ತಿರಲಿಲ್ಲ, ಹಸಿವಿಲ್ಲ ಎನ್ನುತ್ತಿದ್ದರು. ಕೂರಿಸಿ ಬಡಿಸಲು ಶುರುಮಾಡಿದ ದಿನದಿಂದ ಅವರಿಗೂ ಹಸಿವಾಯಿತು.

ನೆರೆಯ ಮುಸ್ಲಿಂ ಹೆಂಗಸರು ಕಾಗದದ ಕೆಲಸಕ್ಕೆ ಬಂದು ಹೊಸ್ತಿಲ ಹತ್ತಿರವೇ ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಅವರಿಗೆ ಮುಜುಗರ. ಮೇಜನ್ನೇ ಜಗಲಿಗೆ ತಂದು ಹಾಕಿದೆವು. ಅಷ್ಟೇ ಬೇಕಾಗಿತ್ತು.

ಕಾನೂನೂ ಇದೇ ಕಡೆಗಿದೆ. ಒಂದು ನಿರ್ದಿಷ್ಟ ಧರ್ಮದ ಅಥವಾ ಜಾತಿಯವರ ಹಿತಕ್ಕೆ ಮಾತ್ರ ಎಂದು ಬರೆದುಕೊಂಡ ಧರ್ಮಾರ್ಥ ಟ್ರಸ್ಟಿಗೆ ಆದಾಯ ತೆರಿಗೆಯ ವಿನಾಯಿತಿ, ದಾನಿಗಳಿಗೆ ಸಿಗುವ 80ಜಿ ರಿಯಾಯಿತಿ ಎರಡೂ ಕಷ್ಟ. 80ಜಿ ಇರುವ ಸಂಸ್ಥೆ ವರ್ಷದ ಆದಾಯದಲ್ಲಿ 5%ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಖರ್ಚು ಮಾಡುವಂತಿಲ್ಲ. ಹಾಗಾಗಿ ಪೂಜೆ, ಉತ್ಸವದ ಲೆಕ್ಕ ಮಂದಿರದ್ದು, ಮಕ್ಕಳ ಲೆಕ್ಕ ಕೇಂದ್ರದ್ದು. ಬ್ಯಾಂಕ್ ಖಾತೆಯೂ ಬೇರೆ, ಪುಸ್ತಕವೂ ಬೇರೆ, ಹುಂಡಿಯೂ ಬೇರೆ.

ಕಾಗದಪತ್ರ

ದಾರಿ ಮೂರು. ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್: ಛಾಪಾ ಕಾಗದದ ಮೇಲೆ ಟ್ರಸ್ಟ್ ಡೀಡ್ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು. ಸಂಘ: 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ, ಕನಿಷ್ಠ 7 ಸದಸ್ಯರು ಬೇಕು, ವರ್ಷವರ್ಷ ಸಾಮಾನ್ಯ ಸಭೆ ನಡೆಸಿ ಸದಸ್ಯರ ಪಟ್ಟಿ, ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೂರನೆಯದು ಕಂಪನಿ ಕಾಯ್ದೆಯ ಸೆಕ್ಷನ್ 8ರ ಲಾಭರಹಿತ ಕಂಪನಿ, ಸಣ್ಣ ಕೇಂದ್ರಕ್ಕೆ ಅದರ ಖರ್ಚು ಭಾರ. ಹತ್ತಿಪ್ಪತ್ತು ಕುಟುಂಬಗಳೇ ಸೇರಿ ನಡೆಸುವುದಾದರೆ ಸಂಘ ವಾಸಿ, ಚುನಾವಣೆ ಇರುತ್ತದೆ. ನಾಲ್ಕೈದು ಜನರ ನಂಬಿಕೆಯ ಮೇಲೆ ನಿಂತಿದ್ದರೆ ಟ್ರಸ್ಟ್. ನಾವು ಟ್ರಸ್ಟ್ ಮಾಡಿದೆವು, ಆದರೆ ಒಂದೇ ಮನೆಯವರು ಇಬ್ಬರಿಗಿಂತ ಹೆಚ್ಚು ಟ್ರಸ್ಟಿಗಳಾಗುವಂತಿಲ್ಲ ಎಂದು ಡೀಡಿನಲ್ಲೇ ಬರೆಸಿದೆವು. ಇದನ್ನು ದಯವಿಟ್ಟು ನೀವೂ ಬರೆಸಿ. ಕೇಂದ್ರ ಮುಚ್ಚಿದರೆ ಆಸ್ತಿ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು, ಯಾವ ಟ್ರಸ್ಟಿಯ ಮನೆಗೂ ಅಲ್ಲ ಎಂಬ ಸಾಲೂ ಇರಲಿ.

ನೋಂದಣಿ ಆದ ಮೇಲೆ ಪ್ಯಾನ್, ಬ್ಯಾಂಕ್ ಖಾತೆ, ತೆರಿಗೆ ಇಲಾಖೆಯಲ್ಲಿ ವಿನಾಯಿತಿಯ ನೋಂದಣಿ. ಸಂಸ್ಥೆಯ ವಿನಾಯಿತಿಯನ್ನು 12ಎ, ದಾನಿಗಳ ರಿಯಾಯಿತಿಯನ್ನು 80ಜಿ ಎಂದೇ ಎಲ್ಲರೂ ಕರೆಯುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿರುವುದರಿಂದ ಅರ್ಜಿಯನ್ನು ಆಡಿಟರ್ ಕೈಯಲ್ಲೇ ಹಾಕಿಸಿ. ಕಂಪನಿಗಳು ಸಮಾಜ ಸೇವೆಗೆಂದು ಎತ್ತಿಡುವ ಸಿಎಸ್‌ಆರ್ ಹಣ ಬೇಕಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿಯೂ ಬೇಕು, ಅದು ಮೊದಲ ವರ್ಷದ ತಲೆನೋವಲ್ಲ.

ವಿದೇಶದ ಹಣದ ವಿಷಯದಲ್ಲಿ ಮಾತ್ರ ಮೈಮರೆಯಬೇಡಿ. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ವಿದೇಶಿ ದೇಣಿಗೆ ಮುಟ್ಟುವಂತಿಲ್ಲ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಸೇವೆಗೆ ಖರ್ಚಾಗಿರಬೇಕು. ಅಮೆರಿಕದಲ್ಲಿರುವ ನಮ್ಮೂರಿನ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಅದೇ ಹುಡುಗನ ನೂರು ರೂಪಾಯಿಯೂ ವಿದೇಶಿ ದೇಣಿಗೆ. ಪಡೆಯುವ ಮುಂಚೆ ಪಾಸ್‌ಪೋರ್ಟ್ ಯಾವುದು ಎಂದು ಕೇಳಿ, ನಾಚಿಕೊಳ್ಳಬೇಡಿ.

ಜಾಗ ಯಾರದೆಂಬುದನ್ನೂ ನೋಡಿಕೊಳ್ಳಿ. ದೇವಸ್ಥಾನ ಮುಜರಾಯಿಗೆ ಸೇರಿದ್ದರೆ ಇಲಾಖೆಯ, ವಕ್ಫ್ ಆಸ್ತಿಯಾದರೆ ಮಂಡಳಿಯ, ಚರ್ಚಿನದಾದರೆ ಧರ್ಮಪ್ರಾಂತ್ಯದ ಒಪ್ಪಿಗೆ ಬರಹದಲ್ಲಿರಲಿ. ಊರವರೆಲ್ಲ ಸೇರಿ ಕಟ್ಟಿದ ಮಂದಿರ ಎಷ್ಟೋ ಸಲ ಯಾರ ಹೆಸರಿನಲ್ಲೂ ಖಾತೆಯಾಗಿರುವುದಿಲ್ಲ, ಅಲ್ಲಿ ನಿಮ್ಮ ದುಡ್ಡು ಸುರಿದು ಕಟ್ಟಡ ಎಬ್ಬಿಸಬೇಡಿ.

ದುಡ್ಡು

ದೊಡ್ಡ ದಾನಿಯನ್ನು ಹುಡುಕಿ ಹೊರಡುವುದಕ್ಕಿಂತ ತಿಂಗಳಿಗೆ ಇನ್ನೂರು ರೂಪಾಯಿ ಕೊಡುವ ಐವತ್ತು ಮನೆ ಹಿಡಿಯಿರಿ. ಹತ್ತು ಸಾವಿರ ಬಂತು, ಯಾರೊಬ್ಬರು ಮುನಿಸಿಕೊಂಡರೂ ಒಲೆ ಆರುವುದಿಲ್ಲ. ಹಳೆಯ ಹಿಡಿ ಅಕ್ಕಿ ಪದ್ಧತಿಯನ್ನೂ ನಾವು ಮತ್ತೆ ತಂದೆವು: ಅನ್ನಕ್ಕಿಡುವಾಗ ಒಂದು ಹಿಡಿ ತೆಗೆದು ಡಬ್ಬಿಗೆ, ತಿಂಗಳ ಕೊನೆಯ ಭಾನುವಾರ ಮಂದಿರಕ್ಕೆ. ಕಾಳು ಕೊಟ್ಟರೂ ಸರಿ. ಕೊಡುವವರಲ್ಲಿ ಊದುಬತ್ತಿ ಹೊಸೆಯುವವರೂ ಇದ್ದಾರೆ. ಪಡೆಯುವವರು ಯಾವಾಗಲೂ ಪಡೆಯುವವರಾಗಿಯೇ ಇರಬೇಕೆಂದೇನಿಲ್ಲ.

ಚೆಕ್ಕಿಗೆ ಇಬ್ಬರ ಸಹಿ. ಪ್ರತಿ ರೂಪಾಯಿಗೂ ನಂಬರ್ ಇರುವ ರಸೀದಿ. ನಗದಾಗಿ 2000 ರೂಪಾಯಿ ಮೀರಿ ಕೊಟ್ಟ ದಾನಕ್ಕೆ 80ಜಿ ರಿಯಾಯಿತಿ ಸಿಗುವುದಿಲ್ಲ ಎಂದು ದಾನಿಗೆ ಮೊದಲೇ ಹೇಳಿ. ತಿಂಗಳ ಜಮಾಖರ್ಚನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿ, ಬೇಳೆಗೆ ಇಷ್ಟು, ಕರೆಂಟಿಗೆ ಇಷ್ಟು ಎಂದು. ನಮ್ಮಲ್ಲಿ ಅದನ್ನು ಅತಿ ಶ್ರದ್ಧೆಯಿಂದ ಓದುವವರು ಏಳನೇ ಕ್ಲಾಸಿನ ಮಕ್ಕಳು.

ಒಲೆಯ ಮುಂದೆ

2018ರ ಡಿಸೆಂಬರ್ 14ನ್ನು ಈ ಸೀಮೆಯವರು ಮರೆಯುವಂತಿಲ್ಲ. ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. 17 ಜನ ಸತ್ತರು, ನೂರಾರು ಜನರನ್ನು ಮೈಸೂರಿನ ಆಸ್ಪತ್ರೆಗಳಿಗೆ ತಂದು ಹಾಕಿದರು. ದೇವರ ಹೆಸರಿನ ಅನ್ನ ಎಂದು ಜನ ಪರೀಕ್ಷಿಸದೆ ಬಾಯಿಗಿಡುತ್ತಾರೆ. ಆ ನಂಬಿಕೆ ನಮ್ಮ ಮೇಲಿರುವಾಗ ಅಡುಗೆಮನೆಗೆ ಬೀಗ ಬೇಕು. ಅಡುಗೆಯಾಗುವಾಗ ಇಬ್ಬರು ಇರಬೇಕು, ಬಡಿಸುವ ಅರ್ಧ ಗಂಟೆ ಮುಂಚೆ ದೊಡ್ಡವರೊಬ್ಬರು ತಿಂದು ನೋಡಬೇಕು. ಸೀಮೆಎಣ್ಣೆ, ಫಿನಾಯಿಲ್, ಇಲಿಪಾಷಾಣ ಯಾವುದೂ ಆ ಕೋಣೆಯಲ್ಲಿ ಇರಬಾರದು. ಹೊರಗಿನವರು ಮಾಡಿ ತಂದ ಅಡುಗೆಯನ್ನು, ಎಷ್ಟೇ ಬೇಕಾದವರಿರಲಿ, ನಾವು ಮಕ್ಕಳಿಗೆ ಬಡಿಸುವುದಿಲ್ಲ. ಹುಟ್ಟುಹಬ್ಬಕ್ಕೆ ಏನಾದರೂ ಕೊಡಬೇಕು ಎಂದವರಿಗೆ ಬಾಳೆಹಣ್ಣು, ಕಡಲೆಮಿಠಾಯಿ ತನ್ನಿ ಎನ್ನುತ್ತೇವೆ.

ಆಹಾರ ಸುರಕ್ಷತಾ ಕಾಯ್ದೆ ಲಾಭಕ್ಕೆ ಮಾಡುವವರು, ಧರ್ಮಕ್ಕೆ ಮಾಡುವವರು ಎಂದು ಭೇದ ಮಾಡುವುದಿಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ. ಗ್ಯಾಸು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ಇರಲಿ, ಮನೆಯ ಸಿಲಿಂಡರ್ ಇಲ್ಲಿ ಬಳಸುವಂತಿಲ್ಲ. ನಲವತ್ತು ಮಕ್ಕಳಿಗೆ ಎರಡೂವರೆ ಕೆ.ಜಿ. ಕಡಲೆಕಾಳು ಅಥವಾ ಹೆಸರುಕಾಳು ರಾತ್ರಿಯೇ ನೆನೆಹಾಕಿದರೆ ಒಬ್ಬೊಬ್ಬರಿಗೂ ಹೊಟ್ಟೆ ತಡೆಯುವಷ್ಟು ಗುಗ್ಗರಿ ಆಗುತ್ತದೆ.

ಮಕ್ಕಳ ವಿಷಯ

ಸ್ವಯಂಸೇವಕರು ಎಷ್ಟೇ ಒಳ್ಳೆಯವರಾಗಿರಲಿ, ಯಾವ ದೊಡ್ಡವರೂ ಒಂಟಿಯಾಗಿ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರುವಂತಿಲ್ಲ. ಸ್ವಾಮಿಗಳಿಗೂ, ಅರ್ಚಕರಿಗೂ, ಅಧ್ಯಕ್ಷರಿಗೂ ಇದೇ ನಿಯಮ. ಪೊಲೀಸ್ ವೆರಿಫಿಕೇಶನ್ ಎಲ್ಲರಿಗೂ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮಂದಿರದ ಹೆಸರು ಕೆಡುತ್ತದೆಂದು ಪಂಚಾಯ್ತಿ ಮಾಡಿ ಮುಗಿಸುವುದು ಅಪರಾಧ. 1098 ಎಂಬ ಮಕ್ಕಳ ಸಹಾಯವಾಣಿಯ ನಂಬರ್ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆದಿರಲಿ. ಇನ್ನು, ಮಕ್ಕಳನ್ನು ರಾತ್ರಿ ಇರಿಸಿಕೊಳ್ಳುವ ಆಸೆ ಬಿಡಿ. ಪಾಲನೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಗೆ ಬಾಲನ್ಯಾಯ ಕಾಯ್ದೆಯ ನೋಂದಣಿ ಕಡ್ಡಾಯ, ಅದು ಬೇರೆಯೇ ಕೆಲಸ.

ಶನಿವಾರದ ಮೇಜು

ನನ್ನ ಅನುಭವದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗವಾದದ್ದು ಶನಿವಾರ ಶನಿವಾರ ಜನರ ಕಾಗದಪತ್ರದ ತೊಂದರೆ ಬಿಡಿಸುವ ಈ ಮೇಜು. ಒಂದು ಮೇಜು, ಇಂಟರ್‌ನೆಟ್ ಇರುವ ಒಂದು ಫೋನು, ಒಂದು ನೋಟ್‌ಬುಕ್, ಓದು ಬರಹ ಬಲ್ಲ ಇಬ್ಬರು. ಬರುವ ತೊಂದರೆಗಳು ಸುಮಾರಾಗಿ ಇವೇ.

ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತಿಲ್ಲ ಎಂದರೆ ಮೊದಲು ರೇಷನ್ ಕಾರ್ಡ್ ನೋಡಿ, ಮನೆಯ ಯಜಮಾನಿ ಎಂದು ಆಕೆಯ ಹೆಸರೇ ಇದೆಯೇ? ಅತ್ತೆ ತೀರಿಹೋಗಿ ವರ್ಷವಾದರೂ ಕಾರ್ಡಿನಲ್ಲಿ ಅವರೇ ಯಜಮಾನಿಯಾಗಿರುತ್ತಾರೆ. ಅದು ಸರಿ ಇದ್ದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಿ. ಹಣ ಹೋಗುವುದು ಆಧಾರ್ ಜೋಡಣೆಯಾಗಿರುವ ಖಾತೆಗೆ. ಹಣ ಬಂದೇ ಇಲ್ಲ ಎಂದು ಅತ್ತ ಒಬ್ಬರಿಗೆ, ಸಂಘದ ಸಾಲಕ್ಕೆಂದು ತೆರೆದು ಮರೆತಿದ್ದ ಖಾತೆಯಲ್ಲಿ ಅಷ್ಟೂ ಕಂತು ಜಮಾ ಆಗಿದ್ದವು.

ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಕೇಳುತ್ತದೆ. ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಹೋಗಬೇಕು. ಜೂನ್ ತಿಂಗಳಲ್ಲೇ ಎಲ್ಲ ಮಕ್ಕಳದ್ದನ್ನೂ ಪರಿಶೀಲಿಸಿಬಿಡಿ, ಕೊನೆಯ ವಾರದಲ್ಲಿ ಸರ್ವರ್ ಕೈಕೊಡುತ್ತದೆ. ಶಾಲೆಯ ದಾಖಲೆಯಲ್ಲೊಂದು ಹೆಸರು, ಆಧಾರಿನಲ್ಲೊಂದು ಹೆಸರು ಇರುವುದೇ ಅರ್ಧ ಅರ್ಜಿಗಳು ತಿರಸ್ಕಾರವಾಗುವ ಕಾರಣ ಎಂದು ನಮಗೆ ಕಂಡಿದೆ.

ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್: ಹಿಂದಿನ ವರ್ಷದಲ್ಲಿ 90 ದಿನ ದುಡಿದಿರಬೇಕು, ವಯಸ್ಸು 18ರಿಂದ 60. ಬೀಡಿ ಕಟ್ಟುವವರ ಮಕ್ಕಳಿಗೆ ಕೇಂದ್ರ ಸರ್ಕಾರದ ಪ್ರತ್ಯೇಕ ವಿದ್ಯಾರ್ಥಿವೇತನ ಇದೆ, ತಾಯಿಯ ಬೀಡಿ ಕಾರ್ಡ್ ಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಅಡಿಯಲ್ಲಿ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಇದೆ, ಕಾಯಿಲೆ ಬೀಳುವ ಮುಂಚೆಯೇ ಕಾರ್ಡ್ ಮಾಡಿಸಿಡಿ.

ನೋಟ್‌ಬುಕ್ಕಿನಲ್ಲಿ ಹೆಸರು, ತೊಂದರೆ, ಅರ್ಜಿ ಸಂಖ್ಯೆ, ಮತ್ತೆ ಬರಬೇಕಾದ ತಾರೀಖು ಇಷ್ಟು ಬರೆಯಿರಿ. ಆಧಾರ್ ಪ್ರತಿ ಇಟ್ಟುಕೊಳ್ಳಬೇಡಿ, ಒಟಿಪಿಯನ್ನು ಅವರೇ ಒತ್ತಲಿ, ಎಟಿಎಂ ಕಾರ್ಡು ಮುಟ್ಟಬೇಡಿ. ಚಹಾದ ದುಡ್ಡೂ ಪಡೆಯಬೇಡಿ.

ನಿರ್ಧಾರ ಯಾರದು

ಟ್ರಸ್ಟಿನ ಜೊತೆಗೇ ಒಂದು ಸಮಿತಿ ಮಾಡಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೇಂದ್ರಕ್ಕೆ ಬರುವ ಕುಟುಂಬಗಳ ಹೆಂಗಸರೇ ಇರಲಿ. ಅಡುಗೆಗೆ ಅವರಲ್ಲೇ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ, ಸೇವೆ ಎಂದು ಹೇಳಿ ಬಡವರ ದುಡಿಮೆಯನ್ನು ಪುಕ್ಕಟೆ ಪಡೆಯಬಾರದು. ಸಭೆ ಅವರ ಬಿಡುವಿನ ಹೊತ್ತಿಗಿರಲಿ. ನಮ್ಮ ಸಭೆ ರಾತ್ರಿ ಎಂಟೂವರೆಗೆ.

ಮೂರನೇ ವರ್ಷ ದಾನಿಯೊಬ್ಬರು ಹಿಂದಿನ ಖಾಲಿ ಜಾಗದಲ್ಲಿ ತಮ್ಮ ತಂದೆಯ ಹೆಸರಿನ ಹಾಲ್ ಕಟ್ಟಿಸುತ್ತೇವೆ ಎಂದು ಬಂದರು. ಟ್ರಸ್ಟಿಗಳಾದ ನಮಗೆ ಖುಷಿಯೋ ಖುಷಿ. ಸಮಿತಿಯಲ್ಲಿ ವಿಷಯ ಇಟ್ಟಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಮೊದಲ ದಿನ ಕಪ್ಪು ಕೈ ಚಾಚಿದ್ದ ಆಕೆಯೇ ಹೇಳಿದಳು: "ಹೆಣ್ಮಕ್ಕಳು ಏಳು ಗಂಟೆವರೆಗೂ ತಡ್ಕೊಂಡು ಕೂತಿರ್ತವೆ ಅಣ್ಣ, ಇಲ್ಲಿರೋ ಕಕ್ಕಸಿಗೆ ಚಿಲಕ ಇಲ್ಲ." ಮೂರು ವರ್ಷ ದಿನಾ ಅಲ್ಲೇ ಓಡಾಡಿದ್ದ ನಮಗೆ ಅದು ಕಂಡಿರಲಿಲ್ಲ. ದಾನಿಗಳಿಗೆ ವಿಷಯ ತಿಳಿಸಿದೆವು. ಅವರು ಬಂದು ನೋಡಿ, ಒಪ್ಪಿದರು. ಹಾಲ್ ಇನ್ನೂ ಆಗಿಲ್ಲ. ಹೆಣ್ಣುಮಕ್ಕಳಿಗೆ ಎರಡು ಶೌಚಾಲಯ, ಒಳಗಿನಿಂದ ಚಿಲಕ, ನಲ್ಲಿಯಲ್ಲಿ ನೀರು, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ ಬಂದು ಒಂದು ವರ್ಷವಾಯಿತು.